ಇಪ್ಪತ್ತು ತಾಸಿನ ಪಾನನಿರೋಧ

2025ರ ಮೇ 9ರ ರಾತ್ರಿ ಒಂಬತ್ತಕ್ಕೆ ನಮ್ಮೂರು ಯುದ್ಧಕ್ಕಿಳಿಯಿತು. ನಮ್ಮೂರೆಂದರೆ ತೀರ್ಥಹಳ್ಳಿಯಿಂದ ಆಗುಂಬೆ ದಾರಿ ಹಿಡಿದು, ಎಡಕ್ಕೆ ತಿರುಗಿ, ಟಾರು ಮುಗಿದ ಮೇಲೂ ಎರಡು ಹಳ್ಳ ದಾಟಬೇಕು. ಪಾಕಿಸ್ತಾನದ ಜೊತೆ ಕಾಳಗ ನಡೆಯುತ್ತಿದ್ದ ಕಾಶ್ಮೀರದ ಕಡೆಯ ಪೂಂಛ್ ಗಡಿ ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ. ಆದರೂ ಶತ್ರು ಹೊಸನಗರದವರೆಗೆ ಬಂದು ಟೀ ಕುಡಿಯುತ್ತಿದ್ದಾನೆ ಎಂಬಷ್ಟು ಗಾಬರಿಯಲ್ಲಿ ಸೊಸೈಟಿ ಜಗಲಿಯ ಮೇಲೆ ಸಭೆ ಸೇರಿತು. ಹಿಂದಿನ ರಾತ್ರಿಯಷ್ಟೇ ಟಿವಿಯವರು ಕರಾಚಿ ಬಂದರನ್ನು ಪುಡಿಪುಡಿ ಮಾಡಿ ಮಲಗಿದ್ದರು. ಬೆಳಗಾದಾಗ ಬಂದರು ಇದ್ದಲ್ಲೇ ಇತ್ತು. ಆ ಸುದ್ದಿ ಮಾತ್ರ ನಮಗೆ ಮುಟ್ಟಲಿಲ್ಲ, ಅಷ್ಟರಲ್ಲಿ ಕರೆಂಟು ಹೋಗಿತ್ತು.

ನಿರ್ಣಯ ಒಂದೇ: ಯುದ್ಧ ಮುಗಿಯುವ ತನಕ ಊರಿನಲ್ಲಿ ಯಾರೂ ಕುಡಿಯತಕ್ಕದ್ದಲ್ಲ. ‘ಗಡಿಯಲ್ಲಿ ಯೋಧ ನಿದ್ದೆಗೆಟ್ಟು ನಿಂತಿರುವಾಗ ನಾವಿಲ್ಲಿ ಸೋಡಾ ಬೆರೆಸುತ್ತ ಕೂರುವುದೆ?’ ಎಂದು ಮಂಡಿಸಿದವರ ನಾಲಿಗೆ ಕೊಂಚ ತೊದಲುತ್ತಿತ್ತು. ಭಾವುಕತೆ ಇರಬೇಕು. ಕೂಡಲೇ ಒಂದು ತಿದ್ದುಪಡಿಯೂ ಬಂತು. ಮಿಲಿಟರಿ ಕ್ಯಾಂಟೀನಿನ ರಮ್ಮಿಗೆ ವಿನಾಯಿತಿ, ಅದು ದೇಶಸೇವೆಯ ಬಾಬ್ತು. ಸರ್ವಾನುಮತ.

ಸ್ವಸಹಾಯ ಸಂಘದ ಹೆಂಗಸರು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಶಾಲೆ ಮಕ್ಕಳು ಬಸ್ಸಿಗೆ ಕಾಯುವ ಜಾಗದ ಪಕ್ಕದಿಂದ ಎಂಆರ್‌ಪಿ ಮದ್ಯದಂಗಡಿಯನ್ನು ಆಚೆ ಹಾಕಿ ಎಂದು ಅವರು ಅರ್ಜಿ ಕೊಟ್ಟು ಆರು ಮಳೆಗಾಲ ಕಳೆದಿದೆ. ಅರ್ಜಿ ‘ಪರಿಶೀಲನೆಯಲ್ಲಿದೆ’. ಇಲ್ಲಿ ಆರು ನಿಮಿಷಕ್ಕೆ ಊರೇ ಒಣಗಿಬಿಟ್ಟಿತ್ತು. ಒಬ್ಬಾಕೆ ಮೆಲ್ಲಗೆ ಕೇಳಿದಳು: ‘ಈ ಯುದ್ಧ ಮಳೆಗಾಲ ಮುಗಿಯೋ ತನಕನಾದ್ರೂ ಇರ್ತದಾ ಮಾರಾಯ್ರೆ?’

ನಕ್ಕು ಪ್ರಯೋಜನವಿಲ್ಲ, ನಮ್ಮ ಜಗಲಿಗೆ ದೊಡ್ಡ ಮನೆತನದ ಪರಂಪರೆಯೇ ಇದೆ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಇಂಗ್ಲೆಂಡಿನ ಮಂತ್ರಿ ಲಾಯ್ಡ್ ಜಾರ್ಜ್, ನಮಗೆ ಜರ್ಮನಿ, ಆಸ್ಟ್ರಿಯಾ, ಕುಡಿತ ಎಂದು ಮೂವರು ಶತ್ರುಗಳು, ಮೂವರಲ್ಲಿ ಕುಡಿತವೇ ದೊಡ್ಡದು ಎಂದು ಲೆಕ್ಕ ಒಪ್ಪಿಸಿದರು. ಐದನೇ ಜಾರ್ಜ್ ದೊರೆ ಯುದ್ಧ ಮುಗಿಯುವವರೆಗೆ ಅರಮನೆಯಲ್ಲಿ ಮದ್ಯ ಬೇಡವೆಂದು ಪ್ರತಿಜ್ಞೆ ಮಾಡಿದ. ಪ್ರಜೆಗಳೂ ಹಿಂಬಾಲಿಸಲಿ ಎಂಬ ಆಸೆ ಅವನದು. ಸಂಸತ್ತಿನ ಸದಸ್ಯರು ದೊರೆಯ ತ್ಯಾಗವನ್ನು ಮೆಚ್ಚಿ ತಮ್ಮ ಗ್ಲಾಸು ತಾವು ತುಂಬಿಕೊಂಡರು. ಅದೇ ವರ್ಷ ಇನ್ನೊಂದು ಆಜ್ಞೆ: ಒಬ್ಬ ಇನ್ನೊಬ್ಬನಿಗೆ ಕುಡಿಸುವಂತಿಲ್ಲ, ಅವರವರ ಗ್ಲಾಸಿಗೆ ಅವರವರದೇ ದುಡ್ಡು. ಹೆಂಡತಿಗೆ ಕೊಡಿಸಿ ದಂಡ ಕಟ್ಟಿದವನೂ ಇದ್ದ. ಈ ಕಾನೂನು ನಮ್ಮ ತಾಲೂಕಿಗೆ ಬಂದರೆ ಗ್ರಾಮ ಪಂಚಾಯಿತಿ ಚುನಾವಣೆಗೆ ಅಭ್ಯರ್ಥಿಗಳು ಸಿಗುವುದಿಲ್ಲ, ಅಥವಾ ಮತದಾರರು.

ಇಂಗ್ಲೆಂಡು ಸ್ಕಾಟ್ಲೆಂಡುಗಳ ಗಡಿಯ ಗ್ರೆಟ್ನಾದಲ್ಲಿ ದೊಡ್ಡ ಸಿಡಿಮದ್ದಿನ ಕಾರ್ಖಾನೆ ಎದ್ದಿತ್ತು. ಅಲ್ಲಿನ ಕೂಲಿಯವರು ಸಂಬಳದ ದಿನ ರೈಲು ಹತ್ತಿ ಕಾರ್ಲೈಲ್ ಪೇಟೆಗೆ ಲಗ್ಗೆ ಇಡುತ್ತಿದ್ದರು. ಸರ್ಕಾರ 1916ರಲ್ಲಿ ಆ ಸೀಮೆಯ ಹೆಂಡದಂಗಡಿಗಳನ್ನೆಲ್ಲ ತಾನೇ ಕೊಂಡುಕೊಂಡಿತು. ಯುದ್ಧಕ್ಕೆಂದು ಮಾಡಿದ ತಾತ್ಕಾಲಿಕ ವ್ಯವಸ್ಥೆ. ತಾತ್ಕಾಲಿಕ ಎಂದರೆ ಗೊತ್ತಲ್ಲ, 1973ರ ತನಕ ನಡೆಯಿತು. ಅಮೆರಿಕದವರು ಇನ್ನೂ ಮುಂದೆ. ಅವರ ‘ಯುದ್ಧಕಾಲದ ಪಾನನಿರೋಧ’ ಕಾಯ್ದೆಗೆ ಅಂಕಿತ ಬಿದ್ದದ್ದು 1918ರ ನವೆಂಬರ್ 21ಕ್ಕೆ. ಯುದ್ಧ ನಿಂತದ್ದು ನವೆಂಬರ್ 11ಕ್ಕೆ. ಹತ್ತು ದಿನದ ಹಿಂದೆ ಮುಗಿದ ಮದುವೆಗೆ ಚಪ್ಪರ ಹಾಕಿದ ಹಾಗೆ. ರಷ್ಯಾದ ಜಾರ್ ಅಂತೂ 1914ರಲ್ಲೇ ವೋಡ್ಕಾ ನಿಲ್ಲಿಸಿದ. ಬೊಕ್ಕಸದ ಕಾಲುಭಾಗಕ್ಕೂ ಹೆಚ್ಚು ಬರುತ್ತಿದ್ದದ್ದೇ ಆ ಬಾಟಲಿಯಿಂದ. ಮೂರು ವರ್ಷದಲ್ಲಿ ಬೊಕ್ಕಸವೂ ಇಲ್ಲ, ಜಾರೂ ಇಲ್ಲ.

ನಮ್ಮವರು ಜಾಣರು. ಮದ್ರಾಸ್ ಪ್ರಾಂತ್ಯದ ಆಡಳಿತ ಹಿಡಿದ ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದರು, 1939ರಲ್ಲಿ ನಷ್ಟ ತುಂಬಿಸಲು ಮಾರಾಟ ತೆರಿಗೆ ತಂದರು. ಕುಡಿಯುವವನು ಬಿಟ್ಟ, ಕುಡಿಯದವನು ಕಟ್ಟಿದ. ಇಂದಿನ ಜಿಎಸ್‌ಟಿಗೆ ಅದು ಮುತ್ತಜ್ಜ. ಸಂವಿಧಾನದ 47ನೇ ವಿಧಿ ಪಾನನಿರೋಧಕ್ಕೆ ಶ್ರಮಿಸು ಎಂದು ಸರ್ಕಾರಕ್ಕೆ ಹೇಳುತ್ತದೆ. 2025–26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿಗೆ ಶ್ರಮಿಸು ಎನ್ನುತ್ತದೆ. ಕನ್ನಡದಲ್ಲಿ ಅಮಲು ಎಂದರೆ ನಶೆಯೂ ಹೌದು, ಅಧಿಕಾರವೂ ಹೌದು. ಹಾಗಲ್ಲದೆ ತಾಲೂಕಿನ ಸಾಹೇಬರನ್ನು ನಮ್ಮಜ್ಜಂದಿರು ಅಮಲ್ದಾರ ಎಂದು ಕರೆಯುತ್ತಿದ್ದರೆ?

(ಪಾನನಿರೋಧದ ಬಗ್ಗೆ ಬರೆಯುವ ಯೋಗ್ಯತೆ ನನಗೆಷ್ಟಿದೆ ಎಂದು ಕೇಳಬೇಡಿ. ನಮ್ಮದು ಅಡಿಕೆ ತೋಟ.)

ಮತ್ತೆ ಜಗಲಿಗೆ ಬರೋಣ. ಮುಂದಿನ ವಿಷಯ ಬ್ಲ್ಯಾಕೌಟ್. ಮೇ 7ರಂದು ದೇಶದ 244 ಕಡೆ ನಾಗರಿಕ ರಕ್ಷಣೆಯ ಅಣಕು ಕವಾಯತು ಎಂದಾಗ ನಮ್ಮ ರಾಜ್ಯದ ಪಟ್ಟಿಯಲ್ಲಿ ಬೆಂಗಳೂರು, ಕಾರವಾರ, ರಾಯಚೂರು ಇದ್ದವು, ಶಿವಮೊಗ್ಗ ಇರಲಿಲ್ಲ. ಇದು ಮಲೆನಾಡಿಗೆ ಮಾಡಿದ ಅವಮಾನವೆಂದು ಹುಡುಗರು ಕುದಿಯುತ್ತಿದ್ದರು. ಮೊದಲ ಗುಡುಗಿಗೆ ಹೋದ ಕರೆಂಟು ದೀಪಾವಳಿಗೆ ಸರಿಯಾಗುವ ಊರಿಗೆ ಬ್ಲ್ಯಾಕೌಟ್ ತರಬೇತಿ ಕೊಡಲು ಯಾರಿಗೆ ಎದೆಗಾರಿಕೆ ಇದೆ? ನಾವೇ ಹೋಗಿ ಪಂಜಾಬಿನವರಿಗೆ ಕಲಿಸಬೇಕು.

ಆಗ ತನಕ ಬಾಯಿ ಬಿಡದೆ ಕೂತಿದ್ದವರು ನಿವೃತ್ತ ಸುಬೇದಾರರು. ವಿನಾಯಿತಿ ಪಡೆದ ರಮ್ಮು ಇಡೀ ಊರಲ್ಲಿ ಇರುವುದು ಅವರ ಕಪಾಟಿನಲ್ಲೊಂದೇ, ಆದ್ದರಿಂದ ಅವರ ಮಾತಿಗೆ ಆ ರಾತ್ರಿ ವಿಶೇಷ ಗೌರವ. ಅವರು ಹೇಳಿದ್ದು ಬೇರೆಯೇ. ಪಂಜಾಬಿನಲ್ಲಿ ತಂತಿಬೇಲಿ ಇರುವುದು ಗಡಿಗೆರೆಯ ಮೇಲಲ್ಲ, ಇತ್ತ ಒಳಗೆ. ರೈತನ ಗದ್ದೆ ಬೇಲಿಯ ಆಚೆ. ತನ್ನದೇ ಗದ್ದೆಗೆ ಗುರುತಿನ ಚೀಟಿ ತೋರಿಸಿ, ಗೇಟು ತೆರೆದಾಗ ಹೋಗಿ, ಮುಚ್ಚುವ ಮೊದಲು ಬರಬೇಕು. ಎತ್ತರಕ್ಕೆ ಬೆಳೆಯುವ ಬೆಳೆ ಹಾಕುವಂತಿಲ್ಲ. ಶರಾವತಿ ಹಿನ್ನೀರಲ್ಲಿ ಸಿಗಂದೂರಿಗೆ ಸೇತುವೆ ಆಗುವ ಮುಂಚೆ ತುಮರಿಯವರು ಸಂಜೆಯ ಕೊನೇ ಲಾಂಚಿಗೆ ಓಡುತ್ತಿದ್ದರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಲಾಂಚು ತಪ್ಪಿದವನ ಕಡೆ ಯಾರೂ ಬಂದೂಕು ಹಿಡಿಯುತ್ತಿರಲಿಲ್ಲ. ಜಮ್ಮುವಿನ ಗಡಿ ಹಳ್ಳಿಗಳಲ್ಲಿ ಬಂಕರ್ ಕಟ್ಟಿದ್ದಾರೆ. ‘ಮನುಷ್ಯರಿಗೆ ಕಟ್ಟಿದ್ದಾರೆ, ಎಮ್ಮೆಗೆ ಕಟ್ಟಿಲ್ಲ. ಶೆಲ್ಲು ಬೀಳ್ತಾ ಇದ್ರೂ ಮುದುಕಿ ಎದ್ದು ಹೋಗ್ತಾಳೆ, ಕರಾವಿಗೆ ಹೊತ್ತಾಯ್ತು ಅಂತ’ ಎಂದರು.

ಎರಡು ದಿನದ ಹಿಂದೆ, ಮೇ 7ರಂದು, ಪೂಂಛ್ ಪಟ್ಟಣದ ಮೇಲೇ ಶೆಲ್ಲು ಬಿದ್ದಿತ್ತು. ಹಳ್ಳಿಗಳಿಗಿದ್ದ ಬಂಕರು ಪೇಟೆಯವರಿಗೆ ಇರಲಿಲ್ಲ. ಸತ್ತವರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೌಲ್ವಿಯೊಬ್ಬರಿದ್ದರು. ಕೆಲವು ಚಾನೆಲ್‌ಗಳು ಅವರನ್ನೇ ಭಯೋತ್ಪಾದಕ ಎಂದು ತೋರಿಸಿ ಸಂಭ್ರಮಿಸಿದವು. ಅಲ್ಲ ಮಾರಾಯ್ರೆ ಎಂದು ಪೂಂಛ್ ಪೊಲೀಸರೇ ಹೇಳಬೇಕಾಯಿತು.

ಜಗಲಿ ಒಂದು ಗಳಿಗೆ ಸುಮ್ಮನಾಯಿತು. ಅಷ್ಟರಲ್ಲಿ ಕರೆಂಟು ಬಂತು, ಟಿವಿಯಲ್ಲಿ ಸೈರನ್ನು ಕೂಗಿತು, ಎಲ್ಲರೂ ಎದ್ದು ಒಳಗೆ ಓಡಿದರು. ಬಂಕರಿಗಲ್ಲ, ಟಿವಿ ಮುಂದಕ್ಕೆ.

ಸುಪ್ರೀಂ ಕೋರ್ಟು 2016ರಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದಿತ್ತು. ಕೇರಳದ ಬಾರೊಂದು ಅಂಗಳದಲ್ಲಿ ಚಕ್ರವ್ಯೂಹದಂಥ ದಾರಿ ಕಟ್ಟಿ, ಗಿರಾಕಿಯನ್ನು ಸುತ್ತಿಸಿ ಸುತ್ತಿಸಿ ಆ ದೂರ ತುಂಬಿಸಿತು. ಯುದ್ಧ ಮಾರುವವರಿಗೂ ಇಂಥದ್ದೊಂದು ನಿಯಮ ಬೇಕು, ಉಲ್ಟಾ: ಗಡಿಯಿಂದ 500 ಮೀಟರ್ ಒಳಗೆ ಕೂತೇ ಗಂಟಲು ಹರಿದುಕೊಳ್ಳತಕ್ಕದ್ದು, ಎಮ್ಮೆಯ ಪಕ್ಕದಲ್ಲಿ. ಇವರೂ ಒಂದು ಚಕ್ರವ್ಯೂಹ ಕಟ್ಟಿಕೊಳ್ಳುತ್ತಾರೆ, ಅದು ಚಾನೆಲ್‌ಗಳ ಸ್ಟುಡಿಯೋ ಇರುವ ನೋಯ್ಡಾದಲ್ಲಿ ಶುರುವಾಗಿ ನೋಯ್ಡಾದಲ್ಲೇ ಮುಗಿಯುತ್ತದೆ.

ಮರುದಿನ ಸಂಜೆ 5 ಗಂಟೆಗೆ ಕದನವಿರಾಮ. ನಮ್ಮೂರಿನ ಪಾನನಿರೋಧ ಹುಟ್ಟಿ ಸರಿಯಾಗಿ ಇಪ್ಪತ್ತು ತಾಸಾಗಿತ್ತು. ಎಂಆರ್‌ಪಿ ಅಂಗಡಿಯ ಮುಂದಿನ ಸಾಲು ಬಸ್‌ಸ್ಟ್ಯಾಂಡು ದಾಟಿ ಶಾಲೆಯ ಗೇಟು ಮುಟ್ಟಿತು. ವಿಜಯೋತ್ಸವಕ್ಕೆ ಕೆಲವರು, ಯುದ್ಧ ಇಷ್ಟು ಬೇಗ ನಿಂತ ದುಃಖಕ್ಕೆ ಕೆಲವರು. ಸುಬೇದಾರರ ಕಪಾಟು ಮಧ್ಯಾಹ್ನವೇ ಖಾಲಿಯಾಗಿತ್ತು. ಹೆಂಗಸರ ಅರ್ಜಿ ಪರಿಶೀಲನೆಯಲ್ಲಿಯೇ ಇದೆ.

ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಬಳಸಬೇಡಿ, ಜನ ನಿಜವಾದ ಸೈರನ್ನನ್ನೂ ಅಸಡ್ಡೆ ಮಾಡುತ್ತಾರೆ ಎಂದು ನಾಗರಿಕ ರಕ್ಷಣೆಯ ಇಲಾಖೆ ಅದೇ ದಿನ ಚಾನೆಲ್‌ಗಳಿಗೆ ಬುದ್ಧಿ ಹೇಳಿತು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಆ ಸದ್ದನ್ನು ಮೊಬೈಲಿಗಿಳಿಸಿಕೊಂಡು, ಸ್ಪೀಕರಿಗೆ ಸಿಕ್ಕಿಸಿ, ಮಂಗ ಓಡಿಸಲು ತೋಟದ ಅಂಚಿನಲ್ಲಿ ಇಟ್ಟಿದ್ದ. ಮೊದಲ ದಿನ ಮಂಗಗಳು ಹಳ್ಳದಾಚೆ ಹೋದವು. ಎರಡನೇ ದಿನ ಮರ ಹತ್ತಿ ಕೂತವು. ಮೂರನೇ ದಿನ ಒಂದು ಮುದಿ ಗಡವ ಸ್ಪೀಕರಿನ ಪಕ್ಕದಲ್ಲೇ ಕೂತು, ಸೈರನ್ನು ಕೇಳುತ್ತ, ಸಾವಕಾಶವಾಗಿ ಬಾಳೆಹಣ್ಣು ಸುಲಿಯುತ್ತಿತ್ತು.