ನಲವತ್ತೆಂಟು ಮನೆ, ಒಂದೇ ಸೆಕೆ

ಮಂಗಳೂರಿನಲ್ಲಿ ಫ್ಲ್ಯಾಟ್ ಮಾರುವವರು ಕೊಡುವ ಬಣ್ಣದ ಪುಸ್ತಿಕೆ ನೋಡಿದ್ದೀರಲ್ವಾ? ನಮ್ಮದರಲ್ಲಿ ಮೂರು ಬೆಡ್‌ರೂಮಿಗೂ ಎಸಿ ಪಾಯಿಂಟ್, ಮೂರು ಬಾತ್‌ರೂಮಿಗೂ ಗೀಸರ್ ಪಾಯಿಂಟ್, ಕೆಳಗೆ ಕಾರಿಗೆ ಚಾರ್ಜಿಂಗ್ ಪಾಯಿಂಟ್ ಅಂತ ಇತ್ತು. ಸುಳ್ಳಲ್ಲ, ಪಾಯಿಂಟ್ ಎಲ್ಲ ಇದೆ. ಅದರಲ್ಲಿ ಕರೆಂಟ್ ಬರುತ್ತದೆ ಅಂತ ಎಲ್ಲೂ ಬರೆದಿರಲಿಲ್ಲ. ಓದದೆ ಸಹಿ ಹಾಕಿದ್ದು ನಮ್ಮ ತಪ್ಪು.

ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಅಂತ ಒಂದು ಸಾಲು ಇರುತ್ತದೆ, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ಕರೆಂಟಿನ ಮಿತಿ. ನಮ್ಮದು 3 ಕಿಲೋವ್ಯಾಟ್. ಒಂದು ಭಾನುವಾರ ಸುಮ್ನೆ ಕೂಡಿಸಿ ನೋಡಿದೆ. ಒಂದೂವರೆ ಟನ್ನಿನ ಎಸಿ ಎರಡು ಹಾಕಿದರೆ ಅಲ್ಲಿಗೇ 3 ಮುಗಿಯಿತು. ಗೀಸರ್ 2, ಇಂಡಕ್ಷನ್ ಒಲೆ 2, ಕಾರಿನ ಚಾರ್ಜರ್ 3.3. ಹತ್ತು ದಾಟಿತು. ಫ್ಯಾನು, ಫ್ರಿಜ್ಜು, ದೋಸೆ ಹಿಟ್ಟಿನ ಗ್ರೈಂಡರ್ ಇನ್ನೂ ಕ್ಯೂನಲ್ಲಿ ನಿಂತಿದ್ದವು.

ಕಟ್ಟಡಕ್ಕೆ ಕರೆಂಟಿನ ಲೆಕ್ಕ ಹಾಕಿದವರನ್ನು ಕೇಳಿದರೆ ನಕ್ಕರು. "ಎಲ್ಲರೂ ಒಟ್ಟಿಗೆ ಹಾಕುವುದುಂಟಾ ಮಾರಾಯ್ರೆ? ಅದಕ್ಕೆ ಡೈವರ್ಸಿಟಿ ಫ್ಯಾಕ್ಟರ್ ಅಂತ ಇದೆ." 48 ಮನೆ, ಮನೆಗೆ 3, ಒಟ್ಟು 144. ಎರಡರಿಂದ ಭಾಗಿಸಿ, 72. ಅಷ್ಟಕ್ಕೆ 100 ಕೆವಿಎ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಧಾರಾಳ ಸಾಕು, ಲಿಫ್ಟು ಪಂಪು ಸೇರಿದರೂ.

ಸೂತ್ರದಲ್ಲಿ ತಪ್ಪಿಲ್ಲ. ಎಂಜಿನಿಯರಿಂಗ್ ಪುಸ್ತಕದಲ್ಲೇ ಇರುವುದು. ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ನಿದ್ದೆ ಮಾಡುತ್ತಾರೆ, ಮತ್ತೊಬ್ಬರು ಊರಿಗೆ ಹೋಗಿರುತ್ತಾರೆ. ಆದರೆ ಆ ಪುಸ್ತಕ ಬರೆದವರು ಏಪ್ರಿಲ್‌ನಲ್ಲಿ ನಮ್ಮ ಏರಿಯಾ ಬಿಜೈಗೆ ಬಂದವರಲ್ಲ. ನಮ್ಮ ಕಟ್ಟಡದಲ್ಲಿ ಡೈವರ್ಸಿಟಿ ಬೇಕಾದಷ್ಟಿದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಐದನೇ ಮಾಳಿಗೆಯಲ್ಲಿ ಮಲಯಾಳ. ಮೀನು ಯಾವುದು ಒಳ್ಳೆಯದು ಅಂತ ಕೇಳಿದರೂ ಒಮ್ಮತ ಇಲ್ಲ. ರಾತ್ರಿ ಹತ್ತು ಗಂಟೆಗೆ, ಬೆವರು ಒಣಗದ ಹೊತ್ತಿಗೆ ಮಾತ್ರ ನಲವತ್ತೆಂಟು ರಿಮೋಟ್‌ಗಳದ್ದು ಒಂದೇ ಭಾಷೆ. ಮನೆಗೆ ಒಂದೇ ಎಸಿ ಅಂತ ಹಿಡಿದರೂ ಆ 72 ಅಲ್ಲಿಗೇ ಮುಗಿಯಿತು.

ಲೋಡ್ ಜಾಸ್ತಿ ಮಾಡಿಸೋಣ ಅಂತ ಮೀಟಿಂಗ್ ಕರೆದರು. ಕಿಲೋವ್ಯಾಟಿಗೆ ಇಷ್ಟು ಅಂತ ತಿಂಗಳು ತಿಂಗಳು ನಿಗದಿತ ಶುಲ್ಕ ಏರುತ್ತದೆ ಎಂದು ಗೊತ್ತಾದ ಕೂಡಲೇ ಎಲ್ಲರಿಗೂ ಏಕಾಏಕಿ ತಂಪಾಯಿತು. "ನಾವು ಎಸಿ ಹಾಕುವುದೇ ಕಡಿಮೆ" ಎಂದರು. ಹಾಗೆ ಹೇಳಿದವರ ಬಾಲ್ಕನಿಯಲ್ಲಿ ಮೂರು ಔಟ್‌ಡೋರ್ ಯೂನಿಟ್ ಇದೆ. ಕೊನೆಗೆ ಲಿಫ್ಟಿನ ಪಕ್ಕ ಒಂದು ನೋಟಿಸ್ ಅಂಟಿತು: ಎ ವಿಂಗ್‌ನವರಿಗೆ ಗೀಸರ್ ಆರರಿಂದ ಏಳು, ಬಿ ವಿಂಗ್‌ನವರಿಗೆ ಏಳರಿಂದ ಎಂಟು. ಕೋಟಿ ಹತ್ತಿರ ಕೊಟ್ಟು ಹಾಸ್ಟೆಲ್ ಸೇರಿದ ಹಾಗಾಯಿತು.

ಮೊನ್ನೆ ರಾತ್ರಿ ಹತ್ತೂವರೆಗೆ ಕರೆಂಟ್ ಹೋಯಿತು. ಲೈನ್‌ಮ್ಯಾನ್ ಬಂದು ಟಿಸಿಯ ಫ್ಯೂಸ್ ಕಟ್ಟಿದರು. ಕರೆಂಟ್ ಬಂತು, ಎಲ್ಲ ಎಸಿಗಳೂ ಫ್ರಿಜ್ಜುಗಳೂ ಒಟ್ಟಿಗೆ ಎದ್ದವು, ಟಪ್. ಇನ್ನೊಮ್ಮೆ ಕಟ್ಟಿದರು, ಟಪ್. ಆಗ ಅವರು ಕೆಳಗೆ ಬಂದು ಟಾರ್ಚ್ ಬೀಸುತ್ತಾ ಕೂಗಿದರು, "ಎಲ್ಲರೂ ಎಸಿ ಆಫ್ ಮಾಡಿ ಬನ್ನಿ. ಆಮೇಲೆ ಒಬ್ಬೊಬ್ಬರೇ ಹಾಕಿ."

ಅಂಗಳದಲ್ಲಿ ನಾವೆಲ್ಲ ಬನಿಯನ್ನಿನಲ್ಲಿ ನಿಂತಿದ್ದೆವು. "ಆಫ್ ಮಾಡಿದ್ದೀರಾ?" ಅಂತ ಕೇಳಿದರು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಮೂರನೇ ಸಲ, ಟಪ್.

ನಮ್ಮ ಎಸಿ ಆನ್‌ನಲ್ಲೇ ಇತ್ತು. ಒಂದು ಎಸಿಯಿಂದ ಎಂತ ಆಗ್ತದೆ, ಅಲ್ವಾ?