ಇನ್ನೊಂದೇ ಬಾಕಿ

ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ಫೋನು ಟಿಂಗ್ ಎಂದಿತು. ಅಷ್ಟು ಹೊತ್ತಿನಲ್ಲಿ ಬರುವುದು ಎರಡೇ ಥರದ ಸುದ್ದಿ. ಒಂದು, ನೆಂಟರಲ್ಲಿ ಯಾರೋ ಹೋದರು ಅಂತ. ಇನ್ನೊಂದು, ನಮ್ಮ ಭಾವನ ಫಾರ್ವರ್ಡು. ಎದೆ ಹಿಡಿದುಕೊಂಡು ನೋಡಿದೆ. ಭಾವನದ್ದೇ.

'ಐಎಎಸ್ ಪರೀಕ್ಷೆಯಲ್ಲಿ ಯಾರಿಂದಲೂ ಬಿಡಿಸಲಾಗದ ಲೆಕ್ಕ! ಜಾಣರಿದ್ದರೆ ಉತ್ತರಿಸಿ!' ನೀವೂ ನೋಡಿರುತ್ತೀರಿ. ಮೂರು ಖಾಲಿ ಚೌಕ, ನಡುನಡುವೆ ಕೂಡುವ ಚಿಹ್ನೆ, ಕೊನೆಗೆ 30. ಕೆಳಗೆ 1, 3, 5, 7, 9, 11, 13, 15. ಇವುಗಳಲ್ಲಿ ಮೂರನ್ನು ಚೌಕಗಳಲ್ಲಿ ತುಂಬಿ ಮೂವತ್ತು ಮಾಡಬೇಕು. ಒಂದನ್ನೇ ಮತ್ತೆ ಮತ್ತೆ ಬಳಸಿದರೂ ಪರವಾಗಿಲ್ಲ. ಯಾವ ವರ್ಷದ ಪರೀಕ್ಷೆ ಅಂತ ಮಾತ್ರ ಎಲ್ಲೂ ಇರುವುದಿಲ್ಲ.

ಸುಮ್ನೆ ಮಲಗಬೇಕಿತ್ತು. ಆದರೆ ಕೈ ಕೇಳಬೇಕಲ್ಲ! 'ಭಾವ, ಇದು ಆಗಲ್ಲ. ಎಲ್ಲಾ ಬೆಸ ಸಂಖ್ಯೆಗಳು. ಬೆಸಕ್ಕೆ ಬೆಸ ಕೂಡಿದರೆ ಸಮ. ಅದಕ್ಕೆ ಇನ್ನೊಂದು ಬೆಸ ಸೇರಿದರೆ ಮತ್ತೆ ಬೆಸ. ಮೂವತ್ತು ಸಮ' ಎಂದು ಬರೆದೆ.

'ಪ್ರಯತ್ನವನ್ನೇ ಮಾಡದೆ ಆಗಲ್ಲ ಅಂದ್ರೆ ಹೇಗಪ್ಪಾ? ಕೈ ಕೆಸರಾದರೆ ಬಾಯಿ ಮೊಸರು' ಎಂದು ಉತ್ತರ ಬಂತು. ಅದಕ್ಕೆ ಏಳು ಜನ ಕೈ ಮುಗಿದರು.

ನನಗೆ ರೇಗಿತು. ಬೀಜಗಣಿತಕ್ಕೇ ಇಳಿದೆ. ಬೆಸ ಅಂದರೆ 2ಎ+1, ಮೂರು ಸಲ ಕೂಡಿದರೆ 6ಎ+3, ಅದು ಬೆಸ, ಮುಗೀತು ಎಂದು ಬರೆದು ಕಳಿಸಿದೆ. ಪಕ್ಕದಲ್ಲಿ ಓದುತ್ತಿದ್ದ ಮಗಳು ಇಣುಕಿದಳು. 'ಅಪ್ಪಾ, ಮೂರಕ್ಕೂ ಎ ಹಾಕಿದ್ರೆ ಮೂರೂ ಒಂದೇ ಸಂಖ್ಯೆ ಆಗುತ್ತೆ. 9+9+9ಕ್ಕೆ ಸರಿ, 1+5+13ಕ್ಕೆ ಏನ್ಮಾಡ್ತೀಯ? ಟೆಸ್ಟಲ್ಲಿ ಇದಕ್ಕೇ ಒಂದು ಮಾರ್ಕ್ಸ್ ಹೋಯ್ತು. ನೀನೇ ಹೇಳಿಕೊಟ್ಟಿದ್ದು.'

ಮೆಸೇಜು ಅಳಿಸಿದೆ. 2ಎ+1, 2ಬಿ+1, 2ಸಿ+1 ಎಂದು ತಿದ್ದಿದೆ. ಕೂಡಿದರೆ ಎ, ಬಿ, ಸಿ ಮತ್ತು ಒಂದರ ಮೊತ್ತದ ಎರಡರಷ್ಟು, ಮೇಲೊಂದು. ಆ 'ಮೇಲೊಂದು' ಯಾವ ಜನ್ಮಕ್ಕೂ ಹೋಗುವುದಿಲ್ಲ. ಇದನ್ನು ಯಾರೂ ಓದಲಿಲ್ಲ. 'ಮೊದಲು ಏನನ್ನೋ ಡಿಲೀಟ್ ಮಾಡಿದ್ಯಲ್ಲ, ಅದರಲ್ಲಿ ಉತ್ತರ ಇತ್ತಾ?' ಎಂದು ಭಾವ ಕೇಳಿದರು.

ಅಲ್ಲಿಂದ ಶುರುವಾಯಿತು ಅವರ ಪ್ರಯತ್ನ. ಲಗ್ನಪತ್ರಿಕೆಯೊಂದರ ಹಿಂದೆ ಪೆನ್ಸಿಲಿನಲ್ಲಿ ಬರೆದು, ಫೋಟೋ ಹಿಡಿದು, ಒಂದೊಂದನ್ನೇ ಗ್ರೂಪಿಗೆ ಹಾಕಿದರು. 15+13+1. 'ಇಪ್ಪತ್ತೊಂಬತ್ತು! ಇನ್ನೊಂದೇ ಬಾಕಿ!' ಹತ್ತು ನಿಮಿಷ ಬಿಟ್ಟು 11+11+9. 'ಛೇ, ಒಂದು ಜಾಸ್ತಿ ಆಯ್ತು.' ಮತ್ತೆ 13+13+3. 'ನೋಡಿದ್ಯಾ, ಹತ್ತಿರ ಬಂದಿದ್ದೀನಿ!' ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಸೀಟು ಖಾಲಿ ಎಂದು ಕೂಗುವ ಕಂಡಕ್ಟರನ ಉತ್ಸಾಹ ಅವರಿಗೆ. ಹತ್ತಿರ ಬರುವುದೇನು, ಇದರಲ್ಲಿ ಎಷ್ಟು ತಪ್ಪಿದರೂ ಕಮ್ಮಿಯೆಂದರೆ ಒಂದರಿಂದ ತಪ್ಪಲೇಬೇಕು! ಎಂಟರಲ್ಲಿ ಮೂರನ್ನು ಹೀಗೆ ಆರಿಸಲು ಇರುವುದು 120 ಬಗೆ. ಒಂದೂವರೆಗೆ ನಾನು ಫೋನು ಆಫ್ ಮಾಡುವಾಗ ಅವರು ಮೂವತ್ತೇಳನೆಯದರಲ್ಲಿದ್ದರು. ಅದಕ್ಕೂ ಕ್ರಮಸಂಖ್ಯೆ ಹಾಕಿದ್ದರು.

ಬೆಳಿಗ್ಗೆ ನೋಡಿದರೆ ಇಂಜಿನಿಯರಿಂಗ್ ಓದುವ ನಮ್ಮ ಇನ್ನೊಬ್ಬ ಅಕ್ಕನ ಮಗ ಲೆಕ್ಕ ಬಿಡಿಸಿಬಿಟ್ಟಿದ್ದ. 9ನ್ನು ತಲೆಕೆಳಗೆ ಮಾಡಿದರೆ 6. 6+11+13, ಮೂವತ್ತು. ಹದಿನೆಂಟು ಚಪ್ಪಾಳೆ. ನ್ಯಾಯವಾಗಿ ಆಗಲ್ಲ ಎಂದು ತೋರಿಸಿದವನಿಗೆ ಒಂದೂ ಇಲ್ಲ, ಸಂಖ್ಯೆಯನ್ನೇ ಶೀರ್ಷಾಸನ ಹಾಕಿಸಿದವನಿಗೆ ಹದಿನೆಂಟು! ಭಾವ ಮಾತ್ರ ಒಪ್ಪಲಿಲ್ಲ. 'ಅದು ಮೋಸ. ಸರಿಯಾದ ಉತ್ತರ ಇದ್ದೇ ಇರುತ್ತೆ.' ಆ ಮನುಷ್ಯನ ಮೇಲೆ ನನಗೆ ಪ್ರೀತಿ ಉಳಿದಿರುವುದು ಇದಕ್ಕೇ.

ಲಗ್ನಪತ್ರಿಕೆಯ ಮದುವೆ ಇವತ್ತೇ. ಜೊತೆಗೆ ಹೋಗೋಣ ಎಂದು ಅವರ ಮನೆಗೆ ಹೋದೆ. ಭಾವ ಮುಯ್ಯಿ ಕವರುಗಳಿಗೆ ಹಣ ತುಂಬುತ್ತಿದ್ದರು. ಅವರದೊಂದು, ನನ್ನದೊಂದು, ಊರಿಂದ ಅತ್ತೆ ಕಳಿಸಿದ್ದೊಂದು. ಮೂರರಲ್ಲೂ 501.

'ಭಾವ, ಮೂರೂ ಕೂಡಿದ್ರೆ ಎಷ್ಟು?'

'ಸಾವಿರದೈನೂರ ಮೂರು.'

'ಬೆಸವೇ ಬಂತಲ್ವಾ?'

'ಅದು ಶಾಸ್ತ್ರ ಕಣೋ. ಇದು ಲೆಕ್ಕ.'

ಅಡುಗೆಮನೆಯಲ್ಲಿ ಅಕ್ಕ ಹುಣಸೆಹಣ್ಣು ಬಿಡಿಸುತ್ತಿದ್ದಳು. ನಮ್ಮ ಜಗಳ ಕೇಳಿ ಬೀಜದ ತಟ್ಟೆ ತಂದಿಟ್ಟಳು. ನನಗೆ ಥಟ್ಟನೆ ಅಜ್ಜಿಯ ಮುಷ್ಟಿ ನೆನಪಾಯಿತು. ಕರೆಂಟು ಹೋದ ರಾತ್ರಿಗಳಲ್ಲಿ ಬೀಜ ಮುಚ್ಚಿಟ್ಟುಕೊಂಡು 'ಸರಿಯೋ ಬೆಸವೋ?' ಎಂದು ಕೇಳುತ್ತಿದ್ದಳು. ಮುಷ್ಟಿ ಬಿಚ್ಚಿ, ಎರಡೆರಡೇ ಬೀಜ ಜೋಡಿ ಮಾಡಿ ಇಟ್ಟು, ಕೊನೆಗೆ ಉಳಿದದ್ದನ್ನು 'ಪಾಪ, ಒಂಟಿ' ಎನ್ನುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ರಾತ್ರಿಯಿಡೀ ಬಡಿದುಕೊಂಡ 2ಎ+1 ಅದೇ ಅಲ್ವಾ?

ಅಕ್ಕ ಮಾತಾಡದೆ ಮೂರು ಗುಂಪು ಮಾಡಿದಳು. ಏಳು, ಒಂಬತ್ತು, ಹದಿಮೂರು. ಜೋಡಿಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಮೂರು ಒಂಟಿ ಉಳಿದವು. ಅದರಲ್ಲಿ ಎರಡನ್ನು ಜೋಡಿ ಮಾಡಿದಳು. ತಟ್ಟೆಯಲ್ಲಿ ಒಂದೇ ಒಂದು ಬೀಜ.

ಭಾವ ಬಹಳ ಹೊತ್ತು ಅದನ್ನೇ ನೋಡಿದರು. 'ಹುಣಸೆಬೀಜದಲ್ಲಿ ಆಗಲ್ಲ, ಒಪ್ಕೊಂಡೆ' ಎಂದರು. ಆಮೇಲೆ ಲಗ್ನಪತ್ರಿಕೆ ತಿರುವಿ, ಕೆಳಗೆ ಉಳಿದ ಜಾಗದಲ್ಲಿ 13 ಬರೆದು, ಕೂಡುವ ಚಿಹ್ನೆ ಹಾಕಿದರು.