ಲಸಿಕೆಗೆ ಪಕ್ಷದ ಬಣ್ಣ ಬಳಿದಾಗ

ಸಾಂಕ್ರಾಮಿಕದ ಹೊತ್ತಿನಲ್ಲಿ ರಾಜಕೀಯ ಬೇಡ ಎಂಬ ಮಾತನ್ನು ಕೋವಿಡ್ ದಿನಗಳಲ್ಲಿ ನಾನೂ ಅನೇಕ ಸಲ ಆಡಿದ್ದೆ. ಈಗ ಆ ಮಾತಿನಲ್ಲಿ ನನಗೆ ಅಷ್ಟು ನಂಬಿಕೆ ಉಳಿದಿಲ್ಲ. ಯಾವುದನ್ನು ಮುಚ್ಚಬೇಕು, ಯಾರ ದುಡಿಮೆ ನಿಲ್ಲಬೇಕು, ಪರಿಹಾರದ ಹಣ ಮೊದಲು ಯಾರ ಕೈಸೇರಬೇಕು ಎಂಬುದನ್ನೆಲ್ಲ ವೈದ್ಯರಷ್ಟೇ ಕುಳಿತು ತೀರ್ಮಾನಿಸಲಾಗದು; ಅವು ರಾಜಕೀಯದ ಪ್ರಶ್ನೆಗಳೇ. ನನ್ನ ತಕರಾರು ಇರುವುದು, ಒಂದು ಕ್ರಮ ಫಲ ಕೊಟ್ಟರೆ ಅದರ ಶ್ರೇಯಸ್ಸು ಯಾವ ಪಕ್ಷಕ್ಕೆ ಹೋಗುತ್ತದೆ ಎಂಬ ಲೆಕ್ಕವೇ ಆ ಕ್ರಮ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸತೊಡಗುವ ಬಗ್ಗೆ.

ಇದಕ್ಕೆ ಬ್ರೆಜಿಲ್‌ಗಿಂತ ಸ್ಪಷ್ಟವಾದ ನಿದರ್ಶನ ನನಗೆ ಕಂಡಿಲ್ಲ. 2018ರಲ್ಲಿ ಸಾವೊ ಪೌಲೊ ರಾಜ್ಯದ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿದ್ದ ಜೊವಾವ್ ದೊರಿಯಾ, ಅಧ್ಯಕ್ಷ ಹುದ್ದೆಗೆ ನಿಂತಿದ್ದ ಜೈರ್ ಬೋಲ್ಸೊನಾರೊ ಅವರ ಹೆಸರಿನ ಜೊತೆ ತಮ್ಮ ಹೆಸರನ್ನು ಬೆಸೆದುಕೊಂಡು ಮತ ಕೇಳಿದ್ದರು; ಇಬ್ಬರೂ ಗೆದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ಮುಂದಿನ ಅಧ್ಯಕ್ಷ ಚುನಾವಣೆಯ ಎದುರಾಳಿಗಳಂತೆ ನಡೆದುಕೊಳ್ಳುತ್ತಿದ್ದರು. ದೊರಿಯಾ ಅವರ ರಾಜ್ಯಕ್ಕೆ ಸೇರಿದ ಬುಟಾಂಟನ್ ಸಂಸ್ಥೆ ಚೀನಾದ ಕಂಪನಿಯೊಂದರ ಜೊತೆಗೂಡಿ ಕೊರೊನಾವ್ಯಾಕ್ ಲಸಿಕೆಯ ಪ್ರಯೋಗ ನಡೆಸುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಒಕ್ಕೂಟ ಸರ್ಕಾರದ ಆರೋಗ್ಯ ಸಚಿವರು ಅದರ 4.6 ಕೋಟಿ ಡೋಸ್ ಕೊಳ್ಳುವುದಾಗಿ ಪ್ರಕಟಿಸಿದರು. ಮರುದಿನವೇ ಅಧ್ಯಕ್ಷರು ಅದನ್ನು ತಳ್ಳಿಹಾಕಿದರು. ನವೆಂಬರ್‌ನಲ್ಲಿ, ಪ್ರಯೋಗಕ್ಕೆ ಒಳಗಾಗಿದ್ದ ಒಬ್ಬರು ತೀರಿಕೊಂಡ ಕಾರಣ ಔಷಧ ನಿಯಂತ್ರಣ ಸಂಸ್ಥೆ ಪ್ರಯೋಗವನ್ನು ತಡೆಹಿಡಿದಾಗ, ಇದು ತಮಗೆ ಸಿಕ್ಕ ಇನ್ನೊಂದು ಗೆಲುವು ಎಂದು ಅಧ್ಯಕ್ಷರು ಫೇಸ್‌ಬುಕ್‌ನಲ್ಲಿ ಬರೆದರು. ಆ ಸಾವಿಗೂ ಲಸಿಕೆಗೂ ಸಂಬಂಧವಿರಲಿಲ್ಲ. ಎರಡೇ ದಿನಗಳಲ್ಲಿ ಪ್ರಯೋಗ ಮತ್ತೆ ಆರಂಭವಾಯಿತು. ಮನುಷ್ಯನೊಬ್ಬನ ಸಾವು ಗೆಲುವಿನ ಲೆಕ್ಕಕ್ಕೆ ಸೇರಿದ್ದನ್ನು ಓದಿ ನಾನು ಎಷ್ಟೋ ಹೊತ್ತು ಸುಮ್ಮನೆ ಕುಳಿತಿದ್ದೆ.

2021ರ ಜನವರಿಯಲ್ಲಿ ಒಕ್ಕೂಟ ಸರ್ಕಾರ ಅದೇ 4.6 ಕೋಟಿ ಡೋಸ್‌ಗಳಿಗೆ ಸಹಿ ಹಾಕಿತು. ಜನವರಿ 17ರಂದು ತುರ್ತು ಬಳಕೆಗೆ ಅನುಮತಿ ಸಿಕ್ಕ ಕೆಲವೇ ನಿಮಿಷಗಳಲ್ಲಿ ಸಾವೊ ಪೌಲೊದಲ್ಲಿ ನರ್ಸ್ ಒಬ್ಬರು ದೇಶದ ಮೊದಲ ಲಸಿಕೆ ಹಾಕಿಸಿಕೊಂಡರು. ಕ್ಯಾಮೆರಾಗಳ ಮುಂದೆ ಅವರ ಪಕ್ಕದಲ್ಲಿ ಗವರ್ನರ್ ಇದ್ದರು. (ಫೋಟೊದ ಆಸೆ ಒಂದೇ ಪಕ್ಷದ ಸೊತ್ತಲ್ಲ.) ಅದೇ ವಾರ ಮನಾವ್ಸ್ ನಗರದ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಮುಗಿದು ರೋಗಿಗಳು ಸಾಯುತ್ತಿದ್ದರು.

ಅಮೆರಿಕದಲ್ಲಿ ಬಟ್ಟೆಯ ಮಾಸ್ಕ್ ಧರಿಸಿರೆಂಬ ಸಲಹೆಯನ್ನು 2020ರ ಏಪ್ರಿಲ್ 3ರಂದು ಪ್ರಕಟಿಸಿದ ಅಧ್ಯಕ್ಷ ಟ್ರಂಪ್, ತಾವು ಅದನ್ನು ಧರಿಸಲಾರರೆಂದು ಅದೇ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಅಲ್ಲಿಂದ ಮುಖದ ಮೇಲಿನ ಬಟ್ಟೆ ಯಾವ ಪಕ್ಷದವರೆಂದು ತಿಳಿಸುವ ಗುರುತಾಯಿತು. ಲಸಿಕೆಯ ವಿಷಯದಲ್ಲಿ ಇನ್ನೂ ವಿಚಿತ್ರ ನಡೆಯಿತು. ಅದನ್ನು ಶೀಘ್ರವಾಗಿ ತಯಾರಿಸುವ ಯೋಜನೆ ಶುರುವಾದದ್ದು ಟ್ರಂಪ್ ಸರ್ಕಾರದಲ್ಲೇ. ವೈದ್ಯರು ಹೇಳಿದರೆ ತೆಗೆದುಕೊಳ್ಳುತ್ತೇನೆ, ಟ್ರಂಪ್ ಹೇಳಿದರೆ ಇಲ್ಲ ಎಂದು ಆ ಅಕ್ಟೋಬರ್‌ನ ಚುನಾವಣಾ ಚರ್ಚೆಯಲ್ಲಿ ಹೇಳಿದವರು ಎದುರು ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಕಮಲಾ ಹ್ಯಾರಿಸ್. 2021ರ ಡಿಸೆಂಬರ್‌ನಲ್ಲಿ ತಾವು ಬೂಸ್ಟರ್ ಹಾಕಿಸಿಕೊಂಡಿರುವುದಾಗಿ ಟ್ರಂಪ್ ವೇದಿಕೆಯಲ್ಲಿ ಒಪ್ಪಿಕೊಂಡಾಗ ಸಭೆಯಲ್ಲಿದ್ದ ಅವರ ಅಭಿಮಾನಿಗಳಲ್ಲೇ ಕೆಲವರು ಕೂಗಿ ಆಕ್ಷೇಪಿಸಿದರು. ಪಕ್ಷವೇ ಕಟ್ಟಿದ ಗುರುತು ಅಷ್ಟರಲ್ಲಿ ನಾಯಕನ ಕೈಯನ್ನೂ ಮೀರಿತ್ತು.

ಹಾಗೆಂದು ವಿರೋಧ ಪಕ್ಷ ಬಾಯಿಮುಚ್ಚಿ ಕೂರಬೇಕೆಂದು ನಾನು ಹೇಳಲಾರೆ. ತುರ್ತು ಅಧಿಕಾರ ಕೈಗೆ ಬಂದ ಸರ್ಕಾರವನ್ನು ಯಾರಾದರೂ ಕೆದಕಿ ಕೇಳಲೇಬೇಕು. 2020ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್ ಸಂಸತ್ತು ಲಾಕ್‌ಡೌನ್‌ಗಾಗಿ ಕಲಾಪ ನಿಲ್ಲಿಸುವಾಗ ವಿಶೇಷ ಸಮಿತಿಯೊಂದನ್ನು ರಚಿಸಿ, ವಿರೋಧ ಪಕ್ಷದ ನಾಯಕ ಸೈಮನ್ ಬ್ರಿಜಸ್ ಅವರನ್ನೇ ಅಧ್ಯಕ್ಷರನ್ನಾಗಿಸಿತು. ಸಮಿತಿಯ ಬಹುಮತವೂ ವಿರೋಧ ಪಕ್ಷಗಳದ್ದೇ. ಸಚಿವರೂ ಅಧಿಕಾರಿಗಳೂ ಜನ ನೋಡುತ್ತಿದ್ದಂತೆ ಅದಕ್ಕೆ ವಿಡಿಯೊ ಮೂಲಕ ಉತ್ತರ ಕೊಡಬೇಕಿತ್ತು. ನಾನು ಬಯಸುವ ರಾಜಕೀಯ ಈ ಬಗೆಯದು, ಆದರೆ ಅದು ಪುಕ್ಕಟೆಯಾಗಿ ದಕ್ಕುವುದಿಲ್ಲ. ಏಪ್ರಿಲ್‌ನಲ್ಲಿ ಲಾಕ್‌ಡೌನ್ ವಿಸ್ತರಣೆಯನ್ನು ಟೀಕಿಸಿ ಬ್ರಿಜಸ್ ಬರೆದ ಫೇಸ್‌ಬುಕ್ ಬರಹಕ್ಕೆ ಜನ ತಿರುಗಿಬಿದ್ದರು, ಸಮೀಕ್ಷೆಗಳಲ್ಲಿ ಪಕ್ಷ ಕುಸಿಯಿತು, ಮೇ 22ರಂದು ಅವರದೇ ಪಕ್ಷದ ಸಂಸದರು ಅವರನ್ನು ನಾಯಕತ್ವದಿಂದ ಕೆಳಗಿಳಿಸಿದರು.